ಹತ್ತು ರಾಗಗಳ ಒಂದು ತಟ್ಟೆ



ಸೊಲ್ಲಾಪುರದ ಕಡೆಯವರು ಮಾಲಕಂಸ ಎನ್ನುವ ರಾಗವನ್ನು ಹೊಸೂರಿನ ಕಡೆಯವರು ಹಿಂದೋಳ ಎನ್ನುತ್ತಾರೆ. ಅವರ ಭೂಪಾಲಿ ಇವರ ಮೋಹನ. ಹೆಸರು ಎರಡು, ಸ್ವರಗಳು ಅವೇ. ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆ ಆಡುವ ನಿಮಗೆ ಇದು ಹೊಸತಲ್ಲ. ಈ ಎರಡೂ ರಾಗಗಳಿರುವ ಒಂದು ಗ್ರಾಮಫೋನ್ ತಟ್ಟೆಯ ಕಥೆಯನ್ನು ಇಂದು ಹೇಳುತ್ತೇನೆ.

ಮುಂಬಯಿಯ ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ಚರಣಜಿತ್ ಸಿಂಗ್ ಎಂಬ ವಾದಕರಿದ್ದರು. 1982ರಲ್ಲಿ ಅವರು ಜಪಾನಿನ ರೋಲೆಂಡ್ ಕಂಪನಿಯ ಮೂರು ವಿದ್ಯುನ್ಮಾನ ವಾದ್ಯಗಳನ್ನು ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದರು. ಒಂದು ಪೆಟ್ಟಿಗೆ ಡಿಸ್ಕೋ ತಾಳ ಬಡಿಯಿತು. ಇನ್ನೊಂದು ಮಂದ್ರದ ಸ್ವರಗಳನ್ನು ಬಿಡದೆ ಸುತ್ತಿಸಿತು. ಮೂರನೆಯದರ ಮೇಲೆ ಅವರ ಬೆರಳುಗಳು ರಾಗದ ದಾರಿ ಹಿಡಿದವು. ಮಂದ್ರದ ಪೆಟ್ಟಿಗೆಯಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಅನುಕೂಲವಿತ್ತು. ಮೀಂಡ್ ಬೇಡುವ ಸಂಗೀತಕ್ಕೆ ಅದು ಒಗ್ಗಿತು. ಆದರೆ ತಟ್ಟೆ ಹೆಚ್ಚು ಮಾರಾಟವಾಗಲಿಲ್ಲ. ಜನ ಮರೆತರು.

1987ರಲ್ಲಿ ಅಮೆರಿಕದ ಶಿಕಾಗೋದಿಂದ ಫ್ಯೂಚರ್ ಎಂಬ ತಂಡದ ‘ಆ್ಯಸಿಡ್ ಟ್ರ್ಯಾಕ್ಸ್’ ಎಂಬ ತಟ್ಟೆ ಬಂತು. ಅದರ ಜೀವಾಳವೂ ಅದೇ ಮಂದ್ರದ ಪೆಟ್ಟಿಗೆ, ಟಿಬಿ-303. ಬೇಸ್ ಗಿಟಾರ್ ವಾದಕನ ಬದಲಿಗೆಂದು 1981ರಲ್ಲಿ ಬಂದ ಆ ಯಂತ್ರದ ತಯಾರಿಕೆ 1984ಕ್ಕೇ ನಿಂತಿತ್ತು. ಯಾರಿಗೂ ಬೇಡವಾದ ಪೆಟ್ಟಿಗೆಯಿಂದ ಆ ಹುಡುಗರು ಹೊಸ ಕುಣಿತದ ಸಂಗೀತ ಹೊರಡಿಸಿದರು. ಅದಕ್ಕೆ ಆ್ಯಸಿಡ್ ಹೌಸ್ ಎಂಬ ಹೆಸರಾಯಿತು.

2010ರಲ್ಲಿ ಸಿಂಗ್ ಅವರ ತಟ್ಟೆ ಮತ್ತೆ ಅಚ್ಚಾದಾಗ ಕೇಳಿದವರು ಬೆರಗಾದರು. ಐದು ವರ್ಷ ಮೊದಲೇ ಮುಂಬಯಿಯಲ್ಲಿ ಅದೇ ತೆರನ ನಾದ! ಹಾಗಾದರೆ ಮೊದಲಿಗರು ನಾವೇ ಎಂಬ ಮಾತೂ ಹುಟ್ಟಿತು. ಆ ಮಾತನ್ನು ನೀವು ತೂಗಿ ನೋಡಿ. ಶಿಕಾಗೋದವರು ಈ ತಟ್ಟೆ ಕೇಳಿ ಕಲಿತರು ಎನ್ನಲು ಆಧಾರವಿಲ್ಲ. ಸಿಂಗ್ ಅವರೂ ರಾಗಕ್ಕೆ ಡಿಸ್ಕೋ ಬೆಸೆಯಲು ಹೊರಟವರೇ ಹೊರತು ಹೊಸ ಪಂಥ ಕಟ್ಟಲು ಅಲ್ಲ. ಒಂದೇ ಯಂತ್ರ ಎರಡು ಊರಿನ ಕೈಗಳಿಗೆ ಸಿಕ್ಕಿತು, ಅಷ್ಟೆ.

ಗಡಿಯಲ್ಲಿ ಬಾಳುವ ನಾವು ‘ಈ ಹಾಡು ಮೊದಲು ಯಾರದು’ ಎಂದು ಜಗಳವಾಡುವುದುಂಟು. ಬೆರೆತ ಮೇಲೂ ಉಳಿದದ್ದೇನು ಎಂದು ಕೇಳುವುದು ಅಪರೂಪ. ಈ ತಟ್ಟೆಯಲ್ಲಿ ತಾಳ ಡಿಸ್ಕೋದ್ದು, ನಡೆ ರಾಗದ್ದು. ಒಂದು ಇನ್ನೊಂದನ್ನು ನುಂಗಲಿಲ್ಲ.

ಸಿಂಗ್ 2015ರಲ್ಲಿ ತೀರಿಕೊಂಡರು. ಅದಕ್ಕೂ ಮುನ್ನ ಯುರೋಪಿನ ವೇದಿಕೆಗಳಲ್ಲಿ ಅದೇ ರಾಗಗಳನ್ನು ನುಡಿಸಿ, ತಡವಾಗಿ ಬಂದ ಕೇಳುಗರನ್ನು ಕಣ್ಣಾರೆ ಕಂಡರು. ನಿಮ್ಮ ಮಕ್ಕಳು ಎರಡು ಭಾಷೆ ಬೆರೆಸಿ ಹಾಡು ಕಟ್ಟಿದರೆ, ‘ಕೆಡಿಸಿದರು’ ಎನ್ನುವ ಮುನ್ನ ಒಮ್ಮೆ ಪೂರ್ತಿ ಕೇಳಿ.