ರೇಷನ್ ಕಾರ್ಡಿನ ವಿಮೆಯಲ್ಲಿ ಹಲ್ಲಿಗೆ ಸಿಕ್ಕ ಜಾಗ ಎಷ್ಟು?

ಸವಣೂರು ಅಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಎರಡು: ಎಲೆ ಮತ್ತು ಖಾರಾ. ಎರಡಕ್ಕೂ ಗಟ್ಟಿ ಹಲ್ಲು ಬೇಕು. ಆದರೆ ಸರಕಾರಿ ಆರೋಗ್ಯ ಕಾರ್ಡಿನ ಸುದ್ದಿಗೆಂದು ನಾವು ಹಳ್ಳಿಗಳಿಗೆ ಹೋದಾಗ ಹೃದಯದ ಆಪರೇಷನ್, ಡಯಾಲಿಸಿಸ್, ಮೊಣಕಾಲಿನ ಮಾತು ಬರುತ್ತದೆ. ಹಲ್ಲಿನ ಮಾತು ಬಂದರೆ ಅದು ಪ್ರಶ್ನೆಯಾಗಿ ಬರುತ್ತದೆ: "ಹಲ್ಲಿಗೂ ಕಾರ್ಡ್ ನಡೀತೈತೇನ್ರಿ?"

ಹೌದು ಅಥವಾ ಇಲ್ಲ ಎಂಬ ಒಂದು ಮಾತಿನಲ್ಲಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಯಾಕೆ ಎಂದು ತಿಳಿಯಲು 20 ವರ್ಷ ಹಿಂದೆ ಹೋಗಬೇಕು.

60 ರೂಪಾಯಿಯ ಯಶಸ್ವಿನಿ

2003ರ ಜೂನ್ 1ರಂದು ಯಶಸ್ವಿನಿ ಯೋಜನೆ ಜಾರಿಗೆ ಬಂತು. ಹೃದಯತಜ್ಞ ಡಾ. ದೇವಿಪ್ರಸಾದ್ ಶೆಟ್ಟಿ ಅವರ ಕಲ್ಪನೆ, ಎಸ್.ಎಂ. ಕೃಷ್ಣ ಸರಕಾರದ ಬೆಂಬಲ. ಸಹಕಾರ ಸಂಘದ ಸದಸ್ಯರಾದ ರೈತರು ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ 1,600ಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆ ಉಚಿತ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಸೊಸೈಟಿಯಲ್ಲಿ ಬೀಜ, ಗೊಬ್ಬರದ ಸಾಲದ ಜೊತೆಗೆ ಆಸ್ಪತ್ರೆಯ ಕಾರ್ಡೂ ಸಿಗತೊಡಗಿತು. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ವಿಮೆ ಎಂಬ ಮಾತು ಮೊದಲು ಬಂದದ್ದು ಹೀಗೆ.

ಆ ಯೋಜನೆಯಲ್ಲಿ 'ಇವು ಇಲ್ಲಿ ಸೇರಿಲ್ಲ' ಎಂಬ ಪಟ್ಟಿಯೂ ಇತ್ತು. ದಂತ ಶಸ್ತ್ರಚಿಕಿತ್ಸೆ ಆ ಪಟ್ಟಿಯಲ್ಲಿತ್ತು. ಅಂದರೆ ಶುರುವಿನಲ್ಲೇ ಹಲ್ಲು ಹೊರಗೆ ಉಳಿಯಿತು.

ವಿಮೆಗೆ ಹಲ್ಲು ಯಾಕೆ ಬೇಡ?

ವಿಮೆಯ ಲೆಕ್ಕ ಸರಳ. ಸಾವಿರ ಜನ ಸ್ವಲ್ಪ ಸ್ವಲ್ಪ ಕಟ್ಟುತ್ತಾರೆ, ಅವರಲ್ಲಿ ಕೆಲವರಿಗಷ್ಟೇ ದೊಡ್ಡ ಖರ್ಚು ಬರುತ್ತದೆ. ಹಲ್ಲಿನದು ತಿರುಗಾ ಮುರುಗಾ. ಹುಳುಕು ಹಲ್ಲು, ವಸಡಿನ ರಕ್ತ ಮನೆ ಮನೆಯಲ್ಲೂ ಇದೆ. ಒಬ್ಬೊಬ್ಬರ ಖರ್ಚು ಸಣ್ಣದು, ಎಲ್ಲರದೂ ಕೂಡಿದರೆ ದೊಡ್ಡದು. ಮೇಲಾಗಿ ಹಲ್ಲು ಕೀಳಿಸಲು, ತುಂಬಿಸಲು ಯಾರೂ ಅಡ್ಮಿಟ್ ಆಗುವುದಿಲ್ಲ, ಚೀಟಿ ಮಾಡಿಸಿ ಕುರ್ಚಿಯಲ್ಲಿ ಕುಳಿತು ಎದ್ದು ಬರುತ್ತಾರೆ. ನಮ್ಮ ವಿಮೆಗಳು ಎಣಿಸುವುದು ಆಸ್ಪತ್ರೆಯ ಹಾಸಿಗೆಯನ್ನು.

ಶ್ರೀಮಂತ ದೇಶಗಳಿಗೂ ಈ ಲೆಕ್ಕ ಕಷ್ಟವಾಗಿದೆ. 1948ರಲ್ಲಿ ಬ್ರಿಟನ್ ಎಲ್ಲರಿಗೂ ಉಚಿತ ಆರೋಗ್ಯ ಸೇವೆ ತಂದಾಗ ಹಲ್ಲಿನ ಸೆಟ್ಟೂ ಉಚಿತವಾಗಿತ್ತು. ಜನ ಮುಗಿಬಿದ್ದರು. ಮೂರೇ ವರ್ಷದಲ್ಲಿ, 1951ರಲ್ಲಿ, ಸರಕಾರ ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ಹಣ ಕೇಳಲು ನಿರ್ಧರಿಸಿತು. ಆ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಇದನ್ನು ವಿರೋಧಿಸಿ ಮಂತ್ರಿ ಸ್ಥಾನವನ್ನೇ ಬಿಟ್ಟರು.

ರೋಗ ದೊಡ್ಡದಾದರೆ ಬಾಗಿಲು ತೆರೆಯಿತು

2010ರಲ್ಲಿ ಬಿಪಿಎಲ್ ಕುಟುಂಬಗಳಿಗೆ ವಾಜಪೇಯಿ ಆರೋಗ್ಯಶ್ರೀ ಬಂತು. ಮೊದಲು ಕಲಬುರ್ಗಿ ವಿಭಾಗ, ನಂತರ ಹಾವೇರಿ ಜಿಲ್ಲೆ ಇರುವ ಬೆಳಗಾವಿ ವಿಭಾಗ. ಹೃದಯ, ನರ, ಸುಟ್ಟ ಗಾಯಗಳ ಜೊತೆ ಕ್ಯಾನ್ಸರ್ ಕೂಡ ಅದರಲ್ಲಿತ್ತು. ಬಾಯಿಯ ಕ್ಯಾನ್ಸರ್‌ಗೆ ದಾರಿ ಸಿಕ್ಕಿತು.

2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಶುರುವಾಗಿ, ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, 1,650 ಬಗೆಯ ಚಿಕಿತ್ಸೆ. ಆಯುಷ್ಮಾನ್ ಪಟ್ಟಿಯಲ್ಲಿ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆಗೆ ಜಾಗ ಸಿಕ್ಕಿತು: ಮುರಿದ ದವಡೆ ಕೂಡಿಸುವುದು, ದವಡೆಯ ಗಂಟು ತೆಗೆಯುವುದು, ಗುಟ್ಕಾದಿಂದ ಬಿಗಿದ ಬಾಯಿ ಬಿಡಿಸುವುದು. ಆದರೆ ಹುಳುಕು ತುಂಬುವುದು, ರೂಟ್ ಕೆನಾಲ್, ಹಲ್ಲು ಕ್ಲೀನಿಂಗ್‌ನಂಥ ದಿನನಿತ್ಯದ ಕೆಲಸಕ್ಕೆ ಈ ಕಾರ್ಡ್ ಖಾಸಗಿ ಕ್ಲಿನಿಕ್‌ನಲ್ಲಿ ನಡೆಯುವುದಿಲ್ಲ.

2018ರಲ್ಲಿ ನಿಂತಿದ್ದ ಯಶಸ್ವಿನಿ 2023ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಆಗ ಮುಖ್ಯಮಂತ್ರಿ ಆಗಿದ್ದವರು ಸವಣೂರು ಸೇರಿರುವ ಶಿಗ್ಗಾಂವಿ ಕ್ಷೇತ್ರದ ಶಾಸಕ ಬಸವರಾಜ ಬೊಮ್ಮಾಯಿ.

ಹಲ್ಲಿನ ಸೆಟ್ಟಿಗೆ ಬೇರೆ ದಾರಿ

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತೇವೆ. ಆ ಎರಡನೇ ಮಾತಿಗೆಂದೇ 2014-15ರ ಹೊತ್ತಿಗೆ ಸಿದ್ದರಾಮಯ್ಯ ಸರಕಾರ ದಂತ ಭಾಗ್ಯ ತಂದಿತು. ಹಲ್ಲು ಉದುರಿದ ಬಿಪಿಎಲ್ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತ ಸೆಟ್ ಕಟ್ಟಿಸುವ ಯೋಜನೆ ಇದು. ಇದು ವಿಮೆ ಅಲ್ಲ, ಆರೋಗ್ಯ ಇಲಾಖೆಯ ಬೇರೆಯೇ ಕಾರ್ಯಕ್ರಮ. ಆರೋಗ್ಯ ಕಾರ್ಡ್ ಹಿಡಿದು ಸೆಟ್ ಕೇಳಲು ಹೋದವರಿಗೆ 'ಇದರಲ್ಲಿ ಬರಲ್ಲ' ಎಂಬ ಉತ್ತರ ಸಿಗುತ್ತದೆ. ಅಲ್ಲಿಗೇ ವಾಪಸ್ ಬಂದರೆ ದಂತ ಭಾಗ್ಯದ ದಾರಿಯೂ ತಪ್ಪಿದಂತೆ.

ಇನ್ನೊಂದು ತೊಡಕು ದೂರ. ಪೂರ್ತಿ ಸೆಟ್ ಒಂದೇ ದಿನಕ್ಕೆ ಆಗುವುದಿಲ್ಲ. ಅಚ್ಚು ತೆಗೆಯಬೇಕು, ಕಚ್ಚಿಸಿ ಅಳತೆ ನೋಡಬೇಕು, ಹಾಕಿ ತೆಗೆದು ಸರಿ ಮಾಡಬೇಕು. ಸವಣೂರಿನಿಂದ ಧಾರವಾಡಕ್ಕೋ ದಾವಣಗೆರೆಗೋ ನಾಲ್ಕೈದು ಸಲ ಹೋಗಿ ಬರುವುದೆಂದರೆ ಸಣ್ಣ ಮಾತಲ್ಲ. 2023ರ ಶಕ್ತಿ ಯೋಜನೆಯಿಂದ ಅಜ್ಜಿಗೆ ಬಸ್ ಚಾರ್ಜ್ ಉಳಿದರೂ ಜೊತೆಗೆ ಹೋಗುವ ಮಗನ ಕೂಲಿ ಹೋಗುತ್ತದೆ.

ತಡವಾದರೆ ಏನು ಕಳೆದುಕೊಳ್ಳುತ್ತೇವೆ?

ನಮ್ಮದು ಎಲೆ, ಅಡಿಕೆಯ ನಾಡು. ಮದುವೆಯಿಂದ ಮಣ್ಣಿನವರೆಗೆ ಎಲೆ ಬೇಕು. ಎಲೆಯ ಮೇಲೆ ನಮ್ಮ ದೂರಿಲ್ಲ. ಅದರ ಜೊತೆ ಬಾಯಿಗೆ ಹೋಗುವುದರ ಮೇಲೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದಿತು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಈಗ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು. ಕೂಡಿಸಿಕೊಂಡರೆ ಅದೇ ಗುಟ್ಕಾ.

ಬಾಯಿಯ ಬಿಳಿ ಕಲೆ, ವಾಸಿಯಾಗದ ಹುಣ್ಣು ಮೊದಲು ಕಾಣುವುದು ಹಲ್ಲಿನ ಡಾಕ್ಟರ ಕಣ್ಣಿಗೆ. ಇಪ್ಪತ್ತು ವರ್ಷದ ವಿಮೆಯ ಇತಿಹಾಸ ನಮಗೆ ಹೇಳುವುದು ಇದನ್ನೇ: ಕಾರ್ಡ್ ಕೆಲಸ ಮಾಡುವುದು ರೋಗ ದೊಡ್ಡದಾದ ಮೇಲೆ. ರೋಗ ಸಣ್ಣದಿದ್ದಾಗ ಹಿಡಿಯಬೇಕಾದ ಕುರ್ಚಿ ತಾಲ್ಲೂಕು ಆಸ್ಪತ್ರೆಯಲ್ಲಿದೆ, ಅದಕ್ಕೆ ವಿಮೆ ಬೇಕಿಲ್ಲ.

ಹಾಗಾದರೆ ಯಾವುದಕ್ಕೆ ಎಲ್ಲಿಗೆ?

ಹಲ್ಲು ನೋವು, ಹುಳುಕು, ವಸಡಿನ ರಕ್ತ: ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗ.

ಮಕ್ಕಳ ಹುಳುಕು ಹಲ್ಲು: 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶಾಲೆ, ಅಂಗನವಾಡಿಗೆ ಬರುವ ತಂಡ ಹಲ್ಲನ್ನೂ ನೋಡಬೇಕು. ಬಂದಾಗ ಬಾಯಿ ತೆರೆಸಿ ನೋಡಿದರೇ ಎಂದು ಟೀಚರನ್ನು ಕೇಳಿ.

ಹಿರಿಯರ ಹಲ್ಲಿನ ಸೆಟ್: ದಂತ ಭಾಗ್ಯದ ಹೆಸರು ಹೇಳಿಯೇ ವಿಚಾರಿಸಿ.

ದವಡೆ ಮುರಿತ, ಗಂಟು, ಎರಡು ವಾರಕ್ಕೂ ಮಾಯದ ಹುಣ್ಣು, ಮೂರು ಬೆರಳು ಹೋಗದಷ್ಟು ಬಿಗಿದ ಬಾಯಿ: ಮೊದಲು ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಬೇಕಾದರೆ ಅಲ್ಲಿಂದಲೇ ರೆಫರಲ್ ಬರೆಸಿಕೊಳ್ಳಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಚಿಕಿತ್ಸೆ ಪಟ್ಟಿಯಲ್ಲಿದೆಯೇ ಎಂದು ಆರೋಗ್ಯಮಿತ್ರರನ್ನು ಕೇಳಿ, ಅಥವಾ 14555ಕ್ಕೆ ಫೋನ್ ಮಾಡಿ. ಪಟ್ಟಿ ಆಗಾಗ ಬದಲಾಗುತ್ತದೆ, ಹಳೆಯ ಮಾತು ನಂಬಿ ಕೂರಬೇಡಿ.

ಇಷ್ಟು ಗೊತ್ತಿದ್ದರೆ ಲವಂಗ ಕಚ್ಚಿಕೊಂಡು ತಿಂಗಳುಗಟ್ಟಲೆ ನೋವು ನುಂಗುವುದು ತಪ್ಪೀತು. ಮುಂದಿನ ಸಲ ಸಂತೆಗೆ ಸವಣೂರಿಗೆ ಬಂದಾಗ, ಆಸ್ಪತ್ರೆಯಲ್ಲೂ ಒಂದು ಚೀಟಿ ಮಾಡಿಸಿ.