ಸ್ವಿಚ್ ಆಫ್ ಮಾಡಿದರೆ ಕರೆಂಟು ಪೂರ್ತಿ ಹೋಯಿತೇ? ಗೋಡೆಯ ಗುಂಡಿಯ ಒಳಗೆ ನಡೆಯುವುದೇನು

ದುಬೈ: ಬೇಸಿಗೆ ಜೋರಾದರೆ ಸಾಕು, ಊದ್ ಮೇಥಾದ ಹಳೆಯ ಕಟ್ಟಡಗಳ ಫ್ಲಾಟುಗಳಲ್ಲಿ ಬಾತ್‌ರೂಮಿನ ಹೊರಗಿರುವ ಒಂದು ಸ್ವಿಚ್ ತಿಂಗಳುಗಟ್ಟಲೆ ಆಫ್ ಆಗಿರುತ್ತದೆ. ಕೆಂಪು ದೀಪವಿರುವ ವಾಟರ್ ಹೀಟರ್ ಸ್ವಿಚ್ ಅದು. ಟೆರೇಸಿನ ಟ್ಯಾಂಕಿನ ನೀರೇ ಕುದಿಯುವಂತಿರುವಾಗ ಹೀಟರ್ ಆಫ್ ಮಾಡಿ, ಅದರೊಳಗೆ ತಣಿದ ನೀರಿನಲ್ಲಿ ಸ್ನಾನ ಮಾಡುವುದು ಇಲ್ಲಿನವರ ಹಳೆಯ ಉಪಾಯ. ಆದರೆ ಆ ಸ್ವಿಚ್ಚಿಗೂ ಪಕ್ಕದ ಲೈಟಿನ ಸ್ವಿಚ್ಚಿಗೂ ದೊಡ್ಡ ವ್ಯತ್ಯಾಸವಿದೆ. ಅದು ಗೊತ್ತಿಲ್ಲದೆ ಬಲ್ಬ್ ಹೋಲ್ಡರಿಗೆ ಕೈ ಹಾಕಿ ಶಾಕ್ ತಿಂದವರು ಎಲ್ಲ ರೂಮಿನಲ್ಲೂ ಒಬ್ಬರಾದರೂ ಸಿಗುತ್ತಾರೆ.

ಕರೆಂಟು ಹರಿಯಬೇಕಾದರೆ ಹೋಗುವ ದಾರಿಯೂ ಬೇಕು, ಮರಳುವ ದಾರಿಯೂ ಬೇಕು. ಫೇಸ್ ವೈರಿನಲ್ಲಿ ಬಂದು, ಬಲ್ಬಿನ ಮೂಲಕ ಹಾದು, ನ್ಯೂಟ್ರಲ್‌ನಲ್ಲಿ ವಾಪಸಾಗುವ ಈ ಸುತ್ತನ್ನೇ ಶಾಲೆಯಲ್ಲಿ ವಿದ್ಯುತ್ ಮಂಡಲ ಎಂದು ಕಲಿಸಿದ್ದು. ಸ್ವಿಚ್ ಒಳಗೆ ಎರಡು ಲೋಹದ ತುಂಡುಗಳಿವೆ. ಅವು ತಾಗಿದರೆ ಮಂಡಲ ‘ಮುಚ್ಚಿತು’, ದೀಪ ಉರಿಯಿತು. ಬಿಟ್ಟರೆ ಮಂಡಲ ‘ತೆರೆಯಿತು’, ದೀಪ ಆರಿತು. ನಲ್ಲಿಗೆ ಇದು ಪೂರ್ತಿ ಉಲ್ಟಾ. ನಲ್ಲಿ ತೆರೆದರೆ ನೀರು ಬರುತ್ತದೆ, ಮಂಡಲ ತೆರೆದರೆ ಕರೆಂಟು ನಿಲ್ಲುತ್ತದೆ. ಊರಿನ ಹಳೆ ಮನೆಯಲ್ಲಿ ಕಿಟ್‌ಕ್ಯಾಟ್ ಫ್ಯೂಸ್ ಎಳೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ ಲೈನ್‌ಮ್ಯಾನ್ ಮಾಡುತ್ತಿದ್ದುದೂ ಇದನ್ನೇ.

ಲೋಹ ಲೋಹದಿಂದ ಬಿಡುವ ಗಳಿಗೆಯಲ್ಲಿ ನಡುವಿನ ಗಾಳಿಯಲ್ಲೇ ಕಿಡಿ ಹಾರುತ್ತದೆ. ನಿಧಾನವಾಗಿ ಬಿಟ್ಟಷ್ಟೂ ಕಿಡಿ ಹೆಚ್ಚು ಹೊತ್ತು ನಿಂತು ಲೋಹವನ್ನು ಸುಡುತ್ತದೆ. ಇಂಗ್ಲೆಂಡಿನ ನ್ಯೂಕಾಸಲ್‌ನ ಜಾನ್ ಹೆನ್ರಿ ಹೋಮ್ಸ್ 1884ರಲ್ಲಿ ಥಟ್ಟನೆ ಬಿಡಿಸುವ ಸ್ವಿಚ್ ಮಾಡಿದ್ದು ಇದಕ್ಕೇ. ಇಂದಿಗೂ ಸ್ವಿಚ್ ಒತ್ತಿದಾಗ ಕೇಳುವ ‘ಟಕ್’ ಆ ಸ್ಪ್ರಿಂಗಿನದ್ದು. ಶಬ್ದ ಮೆತ್ತಗಾಗಿದ್ದರೆ, ಒಳಗೆ ಚರ್‌ಚರ್ ಎನ್ನುತ್ತಿದ್ದರೆ ಅದರ ಆಯಸ್ಸು ಮುಗಿಯಿತೆಂದೇ ಲೆಕ್ಕ.

ಇಲ್ಲೂ ಊರಿನಲ್ಲೂ ಬರುವುದು 50 ಹರ್ಟ್ಸ್‌ನ ಎಸಿ ಕರೆಂಟು. ಅದು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ಬೇಗ ಸಾಯುತ್ತದೆ. ಬ್ಯಾಟರಿ, ಸೋಲಾರ್ ಪ್ಯಾನೆಲ್‌ನ ಡಿಸಿಗೆ ಆ ಬಿಡುವಿಲ್ಲ. ಊರಿನ ಮನೆಗೆ ಸೋಲಾರ್ ಹಾಕಿಸುವವರು ಪ್ಯಾನೆಲ್ ಲೈನಿಗೆ ಮಾಮೂಲಿ ಎಸಿ ಸ್ವಿಚ್ ಹಾಕಿ ಕಾಸು ಉಳಿಸಲು ಹೋಗಬಾರದು.

ಈಗ ಮುಖ್ಯ ವಿಷಯ. ಲೈಟಿನ ಸ್ವಿಚ್ ಕಡಿಯುವುದು ಎರಡರಲ್ಲಿ ಒಂದೇ ವೈರನ್ನು. ಅದು ಫೇಸ್ ಆಗಿರಬೇಕು. ಯಾರೋ ವೈರಿಂಗ್ ಮಾಡುವಾಗ ಅದಲುಬದಲು ಮಾಡಿ ನ್ಯೂಟ್ರಲ್ ಅನ್ನು ಸ್ವಿಚ್ಚಿಗೆ ಕೊಟ್ಟಿದ್ದರೂ ದೀಪ ಸರಿಯಾಗಿಯೇ ಹತ್ತುತ್ತದೆ, ಆರುತ್ತದೆ. ಯಾರಿಗೂ ಸಂಶಯ ಬರುವುದಿಲ್ಲ. ಆದರೆ ಆಫ್ ಇದ್ದಾಗಲೂ ಹೋಲ್ಡರಿನಲ್ಲಿ 230 ವೋಲ್ಟ್ ಕಾದು ಕುಳಿತಿರುತ್ತದೆ. ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬ್ ಮಂಕಾಗಿ ಮಿನುಗಲು ಇದೂ ಒಂದು ಕಾರಣ. ಸ್ವಿಚ್ಚಿನಲ್ಲಿರುವ ಪುಟ್ಟ ಇಂಡಿಕೇಟರ್ ದೀಪದಿಂದಲೂ ಹಾಗಾಗುವುದುಂಟು.

ಹೀಟರಿನ ಸ್ವಿಚ್ ಡಬಲ್ ಪೋಲ್. ಒಂದೇ ಒತ್ತಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ. ನೀರಿನ ಹತ್ತಿರ ಅದನ್ನೇ ಹಾಕುವುದು ಅದಕ್ಕಾಗಿಯೇ. ಹಾಗೆಂದು ಕೆಂಪು ದೀಪ ಆರಿದ್ದನ್ನೇ ನಂಬಿ ಹೀಟರಿನ ಮುಚ್ಚಳ ಬಿಚ್ಚಬೇಡಿ, ಆ ದೀಪವೇ ಕೆಟ್ಟಿರಬಹುದು.

ಬಣ್ಣವನ್ನೂ ನಂಬುವಂತಿಲ್ಲ. ಹೊಸ ಇಸ್ತ್ರಿಪೆಟ್ಟಿಗೆಯ ವೈರಿನಲ್ಲಿ ನೀಲಿ ಎಂದರೆ ನ್ಯೂಟ್ರಲ್. ಹಳೆಯ ಬ್ರಿಟಿಷ್ ಪದ್ಧತಿಯ ತ್ರೀ ಫೇಸ್ ವೈರಿಂಗ್‌ನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್. ಕಪ್ಪು ಮಾತ್ರ ನ್ಯೂಟ್ರಲ್. ಆದ್ದರಿಂದ ಬಲ್ಬ್ ಬದಲಿಸುವಾಗಲೂ ಬಾಗಿಲ ಬಳಿಯ ಡಿಬಿ ಬಾಕ್ಸಿನಲ್ಲಿ ಆ ಲೈನಿನ ಎಂಸಿಬಿ ಇಳಿಸುವುದೇ ಕ್ಷೇಮ. ಯಾವ ಎಂಸಿಬಿ ಯಾವುದಕ್ಕೆಂದು ಬರೆದಿಲ್ಲದಿದ್ದರೆ ಮೈನ್ ಆಫ್ ಮಾಡಿ. ಹತ್ತು ನಿಮಿಷ ಎಸಿ ಇಲ್ಲದಿದ್ದರೆ ರೂಮ್‌ಮೇಟ್‌ಗಳು ಬೈಯುತ್ತಾರೆ ಅಷ್ಟೇ.

ಎಂಸಿಬಿ ಕೂಡ ಸ್ವಿಚ್ಚೇ, ಲೋಡು ಮೀರಿದರೆ ಅಥವಾ ಶಾರ್ಟ್ ಆದರೆ ತಾನೇ ಆಫ್ ಆಗುವಂಥದ್ದು. ಮನುಷ್ಯನ ಜೀವ ಕಾಯುವುದು ಅದರ ಪಕ್ಕದ ಇಎಲ್‌ಸಿಬಿ. ಫೇಸಿನಲ್ಲಿ ಹೋದಷ್ಟೂ ನ್ಯೂಟ್ರಲ್‌ನಲ್ಲಿ ಮರಳಿತೇ ಎಂದು ಅದು ಸದಾ ತಾಳೆ ನೋಡುತ್ತದೆ, ಲೆಡ್ಜರಿನಲ್ಲಿ ಡೆಬಿಟ್ ಕ್ರೆಡಿಟ್ ನೋಡಿದ ಹಾಗೆ. ಪ್ಲಗ್ ಲೈನುಗಳದ್ದಾದರೆ ಸಾಮಾನ್ಯವಾಗಿ 30 ಮಿಲಿಆಂಪಿಯರ್ ವ್ಯತ್ಯಾಸಕ್ಕೇ ಕಡಿಯುತ್ತದೆ. ಅದರ ಮೇಲಿರುವ ‘ಟಿ’ ಗುಂಡಿ ಒತ್ತಿದರೆ ಕೂಡಲೇ ಬೀಳಬೇಕು. ಬೀಳದಿದ್ದರೆ ವಾಚ್‌ಮ್ಯಾನ್‌ಗೆ ಹೇಳಿ ಅವತ್ತೇ ಮೆಂಟೆನೆನ್ಸ್‌ನವರನ್ನು ಕರೆಸಿ.

ಬೆಡ್‌ಸ್ಪೇಸ್ ರೂಮುಗಳಲ್ಲಿ ಹೆಚ್ಚು ಕೆಡುವುದು ಎಕ್ಸ್‌ಟೆನ್ಷನ್ ಬೋರ್ಡು. ಇಲ್ಲಿನ ಮೂರು ಚಪ್ಪಟೆ ಪಿನ್ನಿನ ಪ್ಲಗ್ ತಾಳುವುದು 13 ಆಂಪಿಯರ್, ಅಂದರೆ ಸುಮಾರು 3,000 ವ್ಯಾಟ್. 2,200 ವ್ಯಾಟ್‌ನ ಕೆಟಲ್, 2,000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಒಂದೇ ಬೋರ್ಡಿಗೆ ಹಾಕಿದರೆ 18 ಆಂಪಿಯರ್ ದಾಟಿತು. ಪ್ಲಗ್ಗಿನೊಳಗಿನ ಫ್ಯೂಸ್ ತಕ್ಷಣ ಹೋಗುವುದಿಲ್ಲ, ಆ ಲೋಡನ್ನು ಸಾಕಷ್ಟು ಹೊತ್ತು ತಡೆಯುತ್ತದೆ. ಅಷ್ಟರಲ್ಲಿ ಬೋರ್ಡಿನ ಸಡಿಲ ಸ್ವಿಚ್ ಕರಗಲು ಶುರುವಾಗುತ್ತದೆ. ಬೋರ್ಡು ಕೈಗೆ ಬಿಸಿ ತಾಗಿದರೆ, ಸುಟ್ಟ ವಾಸನೆ ಬಂದರೆ ಅದರ ಸ್ವಿಚ್ ಮುಟ್ಟಬೇಡಿ, ಪ್ಲಗ್ ಎಳೆಯಲೂ ಹೋಗಬೇಡಿ. ಡಿಬಿಯಲ್ಲಿ ಮೈನ್ ಇಳಿಸಿ, ಆಮೇಲೆ ಪ್ಲಗ್ ತೆಗೆಯಿರಿ.