ಶ್ರೀಲಂಕಾದ ಚಹಾ ತೋಟಗಳ ತಮಿಳು ಕುಟುಂಬಗಳಿಗೆ ನೆರವು

ಶ್ರೀಲಂಕಾದ ಮಧ್ಯಭಾಗದ ಬೆಟ್ಟಸೀಮೆಯ ಚಹಾ ತೋಟಗಳಲ್ಲಿ ದುಡಿಯುವ ತಮಿಳು ಕುಟುಂಬಗಳಿಗೆ ಸೇವಾಸಂಸ್ಥೆಗಳೂ ವಿದೇಶಿ ಸರ್ಕಾರಗಳೂ ಶಿಕ್ಷಣ, ವಸತಿ ಹಾಗೂ ಆರೋಗ್ಯ ಕ್ಷೇತ್ರಗಳಲ್ಲಿ ನೆರವು ನೀಡುತ್ತ ಬಂದಿವೆ. ಈ ಸಮುದಾಯದವರನ್ನು 'ಮಲೆಯಗ ತಮಿಳರು' ಎಂದು ಕರೆಯಲಾಗುತ್ತದೆ. ಇವರು ನುವರ ಎಲಿಯ, ಬದುಳ್ಳ ಮತ್ತು ಕ್ಯಾಂಡಿ ಜಿಲ್ಲೆಗಳಲ್ಲಿ ಹೆಚ್ಚಾಗಿ ನೆಲೆಸಿದ್ದಾರೆ. ಇವರನ್ನು ಜಾಫ್ನಾದ ತಮಿಳರೊಡನೆ ಒಂದಾಗಿ ಎಣಿಸುವುದು ಸರಿಯಲ್ಲ. ಎರಡೂ ಸಮುದಾಯಗಳ ಚರಿತ್ರೆ ಬೇರೆ ಬೇರೆ.

ಹಿನ್ನೆಲೆ

ಬ್ರಿಟಿಷರು 1820ರ ದಶಕದಿಂದ ತಮಿಳುನಾಡಿನ ಬಡ ಕೃಷಿಕೂಲಿಗಳನ್ನು ಕಾಫಿ ತೋಟಗಳಿಗೆ ಕರೆತಂದರು. ಎಲೆರೋಗದಿಂದ ಕಾಫಿ ನಾಶವಾದ ಮೇಲೆ ಅದರ ಸ್ಥಾನವನ್ನು ಚಹಾ ಆಕ್ರಮಿಸಿತು. ಜೇಮ್ಸ್ ಟೇಲರ್ 1867ರಲ್ಲಿಯೇ ಲೂಲೆಕಂದೆರ ತೋಟದಲ್ಲಿ ಚಹಾ ಬೆಳೆದಿದ್ದನು. 'ಕಂಗಾಣಿ' ಎಂಬ ಮೇಸ್ತ್ರಿಯು ಮುಂಗಡ ಹಣ ಕೊಟ್ಟು ಆಳುಗಳನ್ನು ತರುತ್ತಿದ್ದುದರಿಂದ ಕುಟುಂಬಗಳು ಸಾಲದೊಡನೆಯೇ ತೋಟವನ್ನು ಪ್ರವೇಶಿಸುತ್ತಿದ್ದವು.

ಬಡತನಕ್ಕೆ ಕೂಲಿಯಷ್ಟೇ ಕಾರಣವಲ್ಲ. 1948ರ ಪೌರತ್ವ ಕಾನೂನಿನಿಂದ ಇವರಲ್ಲಿ ಬಹುಪಾಲು ಜನ ಯಾವ ದೇಶದ ಪ್ರಜೆಗಳೂ ಅಲ್ಲದಂತಾದರು. 1964ರ ಸಿರಿಮಾ–ಶಾಸ್ತ್ರಿ ಒಪ್ಪಂದವು 5,25,000 ಜನರನ್ನು ಭಾರತಕ್ಕೂ 3,00,000 ಜನರನ್ನು ಶ್ರೀಲಂಕಾಕ್ಕೂ ಹಂಚಿತು. ಉಳಿದ 1,50,000 ಮಂದಿಯನ್ನು 1974ರಲ್ಲಿ ಸಮಪಾಲು ಮಾಡಲಾಯಿತು. ಹಾಗೆ ಮರಳಿ ಬಂದವರಲ್ಲಿ ಕೆಲವರಿಗೆ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಭಾಗದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆ ಒದಗಿಸಲಾಯಿತು. ಶ್ರೀಲಂಕಾದಲ್ಲಿಯೇ ಉಳಿದವರ ಪೌರತ್ವದ ಸಮಸ್ಯೆ 2003ರ ಕಾನೂನಿನವರೆಗೂ ಪೂರ್ಣವಾಗಿ ಬಗೆಹರಿಯಲಿಲ್ಲ. ಮತದ ಹಕ್ಕಿಲ್ಲದವರ ಅಹವಾಲನ್ನು ಸರ್ಕಾರ ಕೇಳದಿದ್ದ ಕಾಲದಲ್ಲಿ ದಾನಧರ್ಮವೇ ಅನೇಕರಿಗೆ ಆಸರೆಯಾಯಿತು.

ನೆರವಿನ ಸ್ವರೂಪ

1940ರ ದಶಕದಲ್ಲಿ ಸ್ಥಾಪನೆಯಾದ ಸಿಲೋನ್ ತೋಟ ಕಾರ್ಮಿಕರ ಶಿಕ್ಷಣ ನಿಧಿಯು ಭಾರತದ ಹೈಕಮಿಷನ್ ಮೂಲಕ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ ನೀಡುತ್ತದೆ. ಕ್ಯಾಂಡಿಯ ಸತ್ಯೋದಯ ಸಂಸ್ಥೆಯನ್ನು ಪಾದ್ರಿ ಪಾಲ್ ಕ್ಯಾಸ್ಪರ್ಸ್ 1972ರಲ್ಲಿ ಕಟ್ಟಿದರು. ಅದು ಅನ್ನವಸ್ತ್ರಗಳ ದಾನಕ್ಕಿಂತ ಕಾರ್ಮಿಕರ ಹಕ್ಕುಗಳಿಗೆ ಒತ್ತು ಕೊಟ್ಟಿತು. ತೋಟಗಳ ಶಾಲೆಗಳ ಸುಧಾರಣೆಗೆ ಸ್ವೀಡನ್ ಮತ್ತು ಜರ್ಮನಿ ನೆರವಾದವು. 1992ರಲ್ಲಿ ತೋಟಗಳ ಆಡಳಿತ ಖಾಸಗಿ ಕಂಪನಿಗಳಿಗೆ ಹೋದಾಗ ರೂಪುಗೊಂಡ ಟ್ರಸ್ಟ್ ಒಂದು ಶಿಶುಪಾಲನಾ ಕೇಂದ್ರ, ವಸತಿ ಮುಂತಾದವುಗಳನ್ನು ನೋಡಿಕೊಳ್ಳುತ್ತದೆ. ತಾಯಂದಿರು ಬೆಳಗಿನಿಂದ ಎಲೆ ಕೀಳಲು ಹೋಗುವುದರಿಂದ ಶಿಶುಪಾಲನಾ ಕೇಂದ್ರಗಳ ಮಹತ್ವ ಹೆಚ್ಚು.

ವಸತಿ ಮತ್ತು ಭೂಮಿ

ಕೊಡಗಿನ ಕಾಫಿ ತೋಟಗಳಲ್ಲಿರುವಂತೆ ಇಲ್ಲಿಯೂ ಕಾರ್ಮಿಕರ ವಾಸ ಲೈನ್ ಮನೆಗಳಲ್ಲಿ. ಒಂದೇ ಕೋಣೆಯಲ್ಲಿ ಇಡೀ ಸಂಸಾರ ಬಾಳುವುದುಂಟು. ಮನೆ ತೋಟಕ್ಕೆ ಸೇರಿದ್ದಾದುದರಿಂದ ದುಡಿಮೆ ಬಿಟ್ಟರೆ ಸೂರೂ ಕೈತಪ್ಪುವ ಭಯವಿರುತ್ತದೆ. 2014ರ ಅಕ್ಟೋಬರ್‌ನಲ್ಲಿ ಕೊಸ್ಲಂದ ಸಮೀಪದ ಮೀರಿಯಬೆದ್ದದಲ್ಲಿ ಭೂಕುಸಿತಕ್ಕೆ ಲೈನ್ ಮನೆಗಳು ಹೂತುಹೋದವು. ಭಾರತವು ತನ್ನ ವಸತಿ ಯೋಜನೆಯಲ್ಲಿ ತೋಟ ಪ್ರದೇಶಕ್ಕೆ 4,000 ಮನೆಗಳನ್ನು ಮೀಸಲಿಟ್ಟು, 2017ರಲ್ಲಿ ಇನ್ನೂ 10,000 ಮನೆಗಳನ್ನು ಘೋಷಿಸಿತು. ಹೊಸ ಮನೆಗಳಿಗೆ ಕುಟುಂಬಕ್ಕೆ 7 ಪರ್ಚ್, ಅಂದರೆ ಸುಮಾರು 177 ಚದರ ಮೀಟರ್ ನಿವೇಶನವೆಂದು ಗೊತ್ತುಮಾಡಲಾಯಿತು. ಆದರೆ ಹಕ್ಕುಪತ್ರವಿಲ್ಲದ ಮನೆ ಅರೆಕೊಡುಗೆಯೇ ಸರಿ. ಭೂಮಿಯ ಒಡೆತನವೇ ಈ ಸಮುದಾಯದ ಮುಖ್ಯ ಬೇಡಿಕೆಯಾಗಿದೆ.

ಕೂಲಿ

ಕಾರ್ಮಿಕ ಸಂಘಗಳು ಹಲವು ವರ್ಷ ಒತ್ತಾಯಿಸಿದ ಮೇಲೆ 2021ರಲ್ಲಿ ದಿನಗೂಲಿ 1,000 ಶ್ರೀಲಂಕಾ ರೂಪಾಯಿಗೆ ಏರಿತು; 2024ರಲ್ಲಿ ಮೂಲಕೂಲಿ 1,350 ರೂಪಾಯಿ ಆಯಿತು. ನಡುವೆ 2022ರ ಆರ್ಥಿಕ ಕುಸಿತದಲ್ಲಿ ಆಹಾರದ ಬೆಲೆ ವಿಪರೀತ ಏರಿದ್ದರಿಂದ, ಮೊದಲ ಏರಿಕೆಯ ಲಾಭ ಕುಟುಂಬಗಳಿಗೆ ಹೆಚ್ಚು ಕಾಲ ದಕ್ಕಲಿಲ್ಲ.